ಮೇಲಿನಿಂದ ಇಳಿಯುವ ಕೈ

ಮಾರ್ಚ್ 4

...ಮುಖ ಬೇಡ, ಕೈ ಸಾಕು ಎಂದೇ ಇಲೈತಿಯ ಹೇಳಿದ್ದು, ಪಾಠದ ವಿಡಿಯೊ ತೆಗೆಯುವಾಗ. ಅಥವಾ ಮುಖಕ್ಕಿಂತ ಕೈ ಚೆನ್ನ ಎಂದಿರಬಹುದು. ಯಾವುದೇ ಆಗಿರಲಿ, ಹೋದ ಸೆಪ್ಟೆಂಬರಿನಲ್ಲಿ ಆ ಮಾತಿಗೆ ನಾನು ನಕ್ಕಿದ್ದೆ. ಐವತ್ತನಾಲ್ಕರ ಹೆಂಗಸಿನ ಮುಖ ಯಾರಿಗೆ ಬೇಕು ಎಂದು ನಾನೇ ಸೇರಿಸಿದ್ದೆ ಕೂಡ. ಆ ನಗುವನ್ನು ಈಗ ಹಿಂದಕ್ಕೆ ಪಡೆಯಲಾಗುವುದಿಲ್ಲ.

ಇಂದು ನಮ್ಮ ವೈದ್ಯಕೀಯ ಕಾಲೇಜಿನ ದೊಡ್ಡ ಸಭಾಂಗಣದಲ್ಲಿ ಆ ಪಾಠಗಳನ್ನು ಪರದೆಯ ಮೇಲೆ ತೋರಿಸಿದರು. ಒಟ್ಟು ಇಪ್ಪತ್ತನಾಲ್ಕು. ಗೋಡೆಯಷ್ಟು ದೊಡ್ಡ ನನ್ನ ಕೈ ಬಂದು ಬಣ್ಣದ ಸೀಮೆಸುಣ್ಣ ಹಿಡಿದು ಹೃದಯ ಬರೆಯಿತು, ಮೂತ್ರಪಿಂಡ ಬರೆಯಿತು, ಮೊಣಕೈಯ ನರ ಬರೆಯಿತು. ಜಾಡಿಯ ಮುಚ್ಚಳಕ್ಕೆ ಸಿಕ್ಕಿ ಸೀಳಿದ ಉಂಗುರಬೆರಳಿನ ಉಗುರು ಹಿಂದಿನ ಸಾಲಿನವರಿಗೂ ಕಾಣುವಂತಿತ್ತು. ದನಿ ಮಾತ್ರ ಇಲೈತಿಯನದು. ಕೊನೆಯಲ್ಲಿ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಪರಿಕಲ್ಪನೆ ಮತ್ತು ರಚನೆ, ಡಾ. ಇಲೈತಿಯ ತಮನಿ. ಇದಕ್ಕೆ ಬ್ರಿಸ್ಬೇನಿನ ಸಮ್ಮೇಳನದಲ್ಲಿ ಅವನಿಗೆ ಬಹುಮಾನ ಬಂದಿದೆ.

ಚಪ್ಪಾಳೆ ತಟ್ಟುವಾಗ ನನ್ನ ಕೈಯೂ ತಟ್ಟಿತು. ಅದನ್ನು ತಡೆಯಬಹುದಿತ್ತು.

ಇಪ್ಪತ್ತು ವರ್ಷದ ಹಿಂದೆ ಇವನಿಗೆ ಒಂದು ವೃತ್ತ ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ. ನನ್ನ ಕೋಣೆಯ ಚಾಪೆಯ ಮೇಲೆ ಕೂರಿಸಿ, ಅವನ ಮುಂಗೈಯ ಮೇಲೆಯೇ ಪೆನ್ನಿನಿಂದ ನಾಳಗಳನ್ನು ಎಳೆದು ಕಲಿಸಿದ್ದೆ. ಸ್ನಾನ ಮಾಡದೆ ಅದೇ ಕೈಯಲ್ಲಿ ಪರೀಕ್ಷೆಗೆ ಹೋಗಿ, ಅಂಗಿಯ ತೋಳು ಮಡಚಲು ಹೇಳಿದ ಮೇಲ್ವಿಚಾರಕರಿಗೆ ಸಿಕ್ಕಿಬಿದ್ದಿದ್ದ.

ಮಾರ್ಚ್ 9

ನನ್ನ ಪಾಠದ ಕೋಣೆ ಹೋಯಿತು. ಅಲ್ಲಿ ಇನ್ನು ಪರದೆಗಳು ಕೂರುತ್ತವೆ. ಕರಿಹಲಗೆಯನ್ನು ಕಳಚಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಾರೆ. ಮನುಷ್ಯರ ಅಂಗಾಂಗಗಳನ್ನು ದ್ರಾವಣದಲ್ಲಿಟ್ಟ ನನ್ನ ನೂರ ಹನ್ನೆರಡು ಜಾಡಿಗಳನ್ನು ಮೆಟ್ಟಿಲ ಕೆಳಗಿನ ಉಗ್ರಾಣಕ್ಕೆ ಸಾಗಿಸಿದ್ದಾರೆ. ಈ ಊರಿನಲ್ಲಿ ಸತ್ತವರನ್ನು ಓದಿಗೆಂದು ಯಾರೂ ಕೊಡುವುದಿಲ್ಲ. ಅಜ್ಜಂದಿರ ಪಕ್ಕದಲ್ಲಿ ಮಲಗಿಸದೆ ಯಾವ ಮನೆಗೂ ನೆಮ್ಮದಿಯಿಲ್ಲ. ಹಾಗಾಗಿ ಎಲ್ಲಿಂದಲೋ ಬಂದ ಆ ಜಾಡಿಗಳು, ನನ್ನ ಜೇಡಿಮಣ್ಣು, ನನ್ನ ಸೀಮೆಸುಣ್ಣ, ಇಷ್ಟರಲ್ಲೇ ಇಪ್ಪತ್ತಾರು ವರ್ಷ ವೈದ್ಯರನ್ನು ಮಾಡಿ ಕಳಿಸಿದ್ದೇನೆ.

ಉಗ್ರಾಣದ ಬಾಗಿಲಿಗೆ ಇಲೈತಿಯ ಬಂದಿದ್ದ.

“ನೌ, ಇಲ್ಲಿ ಜಾಡಿಗಳಿಗೆ ತಂಪಾಗಿರತ್ತೆ ಅಂತ ಇಲ್ಲಿಡ್ಸಿದೆ.”

“ಜಾಡಿಯೊಳಗಿರೋರಿಗೆ ತಂಪು, ಬಿಸಿ ಎರಡೂ ಒಂದೇ ಕಣೋ.”

ಅವನು ನಕ್ಕ. “ನೀವು ಹೀಗೆ ಮಾತಾಡೋದನ್ನೂ ರೆಕಾರ್ಡ್ ಮಾಡ್ಕೋಬೇಕಿತ್ತು.”

“ಮಾಡ್ಕೊಂಡಿದ್ರೆ ದನಿ ನಿಂದಾಗಿರ್ತಿತ್ತು.”

ನಗು ಅರ್ಧದಲ್ಲಿ ನಿಂತಿತು. ನೌ ಎಂದು ತಾಯಿಯನ್ನು ಕರೆಯುವ ಹಾಗೆ ಕರೆಯುತ್ತಾನೆ. ಹಾಗೆ ಕರೆಯುವವರು ಕೇಳದೆ ತೆಗೆದುಕೊಂಡರೆ ಕಳ್ಳತನವಲ್ಲ ಎಂದು ಅವನ ಲೆಕ್ಕವಿರಬೇಕು.

ಮಾರ್ಚ್ 19

ಗ್ರಂಥಾಲಯದ ಮೂಲೆಯಲ್ಲಿ ಕುಳಿತು ಪಾಠಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಯಾಕೆ ನೋಡುತ್ತಿದ್ದೆನೋ ತಿಳಿಯದು. ಹುಣ್ಣನ್ನು ಬೆರಳಿನಿಂದ ಒತ್ತಿ ನೋಡುವ ಹಾಗೆ ಇರಬಹುದು.

ಹನ್ನೊಂದನೆಯ ಪಾಠ. ಎದೆಯಲ್ಲಿ ನೀರು ತುಂಬಿದವರಿಗೆ ಸೂಜಿ ಹಾಕಿ ತೆಗೆಯುವುದು. ಉಳಿದೆಲ್ಲ ಪಾಠಗಳಲ್ಲಿ ನನ್ನ ಕೈ ಪರದೆಯ ಕೆಳಗಿನಿಂದ ಬರುತ್ತದೆ, ನೋಡುವವರ ಸ್ವಂತ ಕೈಯೋ ಎಂಬಂತೆ. ಇದೊಂದರಲ್ಲಿ ಮೇಲಿನಿಂದ ಇಳಿಯುತ್ತದೆ. ಮೊದಲು ಅಷ್ಟೇ ಕಂಡಿತು. ಆಮೇಲೆ ಉಳಿದದ್ದು ಕಂಡಿತು.

ಆ ದಿನ ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ನಾನು ಮೇಜಿನ ಆಚೆ ಬದಿಗೆ ಹೋಗಿ ಕುಳಿತಿದ್ದೆ. ಸದಾ ನನ್ನೆದುರಿಗೆ ಇರುತ್ತಿದ್ದ ಕ್ಯಾಮೆರಾ ಇದ್ದಲ್ಲೇ ಇತ್ತು. ಮಿಕ್ಕ ಪಾಠಗಳೆಲ್ಲ ತಲೆಕೆಳಗಾಗಿ ಬಂದಿದ್ದವು, ವಿಡಿಯೊ ಕೆಲಸದ ಹುಡುಗ ಶಲ್ವಿನ್ ಅವನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ನೆಟ್ಟಗೆ ಮಾಡಿದ್ದ. ಆ ಭರದಲ್ಲಿ ನೆಟ್ಟಗಿದ್ದ ಈ ಒಂದನ್ನೂ ತಿರುಗಿಸಿದ್ದಾನೆ. ನಾನು ಪ್ರತಿ ಪಕ್ಕೆಲುಬಿನ ಕೆಳ ಅಂಚಿಗೆ ಕೆಂಪು, ನೀಲಿ, ಹಳದಿ ಚುಕ್ಕಿ ಇಟ್ಟಿದ್ದೆ. ಅಪಧಮನಿ, ಅಭಿಧಮನಿ, ನರ. ಪರದೆಯಲ್ಲಿ ಅವು ಎಲುಬಿನ ಮೇಲಿನ ಅಂಚಿನಲ್ಲಿ ಕುಳಿತಿವೆ. ಅಕ್ಷರಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಹಾಕಿದ್ದರಿಂದ ಅವು ನೆಟ್ಟಗಿವೆ. ಬಾಣವೊಂದು ಎಲುಬಿನ ಕೆಳ ಅಂಚನ್ನು ತೋರಿಸಿ, ಸೂಜಿ ಇಲ್ಲಿ, ಎನ್ನುತ್ತದೆ. ಇಲೈತಿಯನ ದನಿ ಸಮಾಧಾನವಾಗಿ ಹೇಳುತ್ತದೆ: ನಾಳಗಳಿಲ್ಲದ ಅಂಚಿನಲ್ಲಿ, ಚಿತ್ರದಲ್ಲಿ ಕಾಣುವಂತೆ.

ಚಿತ್ರದಲ್ಲಿ ಕಾಣುವಲ್ಲಿ ಸೂಜಿ ಚುಚ್ಚಿದರೆ ಅಪಧಮನಿಗೇ ಚುಚ್ಚಿದಂತೆ.

ಮೂರು ಸಲ ನೋಡಿದೆ. ಆಮೇಲೆ ಊಟದ ಡಬ್ಬಿ ತೆರೆದೆ. ಮರಗೆಣಸು, ಡಬ್ಬಿ ಮೀನು, ಒಂದು ಹಸಿಮೆಣಸಿನಕಾಯಿ. ಎರಡು ವಾರಗಳ ನಂತರ ಬಾಯಿಗೆ ರುಚಿ ಗೊತ್ತಾಯಿತು.

ಆಗಸ್ಟ್ ಹನ್ನೆರಡಕ್ಕೆ ಆಸ್ಟ್ರೇಲಿಯಾದಿಂದ, ನ್ಯೂಜಿಲೆಂಡಿನಿಂದ ನಮ್ಮ ಕಾಲೇಜಿನ ಪರಿಶೀಲನೆಗೆ ಪರೀಕ್ಷಕರು ಬರುತ್ತಾರೆ. ಬಹುಮಾನ ಬಂದ ಪಾಠಗಳನ್ನು ಅವನು ಅವರಿಗೆ ತೋರಿಸದೆ ಬಿಡುವುದಿಲ್ಲ. ಅಲ್ಲಿಗೆ ನೂರ ನಲವತ್ತಾರು ದಿನ.

ಮಾರ್ಚ್ 20

ನಾನು ಸರಿಯಾಗಿಯೇ ಬರೆದಿದ್ದೆ. ಇದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಏಪ್ರಿಲ್ 2

ಮಕೆರೆತ ಬಂದಿದ್ದಳು. ಕೊನೆಯ ವರ್ಷದವಳು. ತರಗತಿಯಲ್ಲಿ ನನಗೆ ಬೆರಳುಗಳು ಮೊದಲು ನೆನಪಾಗುತ್ತವೆ, ಹೆಸರು ಆಮೇಲೆ. ಇವಳದು ಚುರುಕು ಬೆರಳು. ಚಪ್ಪಲಿಯನ್ನು ಹೊರಗೆ ಬಿಟ್ಟು, ಮೆಟ್ಟಿಲ ಕೆಳಗೆ ತಲೆ ತಗ್ಗಿಸಿ ಒಳಗೆ ಬಂದಳು.

“ನೌ, ಪಕ್ಕೆಲುಬಿನ ಜಾಡಿ ಎಲ್ಲಿದೆ? ಒಂದ್ಸಲ ನೋಡ್ಬೇಕಿತ್ತು.”

“ಅದು ಹಿಂದಿನ ಸಾಲಲ್ಲಿದೆ. ಮುಂದಿನ ನಲವತ್ತು ಎತ್ತಿಡ್ಬೇಕು. ಯಾಕೆ?”

“ಪುಸ್ತಕದಲ್ಲಿ ಒಂಥರಾ ಇದೆ, ವಿಡಿಯೊದಲ್ಲಿ ಒಂಥರಾ...”

“ಮೇಲೆ ಅಷ್ಟು ಖರ್ಚು ಮಾಡಿ ಪರದೆ ಹಾಕಿದಾರಲ್ಲ. ವಿಡಿಯೊ ನೋಡು.”

“ನೋಡ್ದೆ ನೌ. ಅದಕ್ಕೇ ಕೇಳ್ದೆ.”

“ಇನ್ನೊಂದ್ಸಲ ನೋಡು.”

ಹಿಂದಿನ ಸಾಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಮುಂದಿನಿಂದ ಸೊಂಟ ಬಗ್ಗಿಸಿ, ‘ತುಲೌ’, ಅಪ್ಪಣೆಯಿರಲಿ, ಎಂದು ಮೆಲ್ಲಗೆ ಹೇಳುತ್ತ ದಾಟಿ ಹೋದಳು. ಒಳ್ಳೆಯ ಮನೆಯ ಹುಡುಗಿ.

ಇಂಥವರನ್ನು ಅವನ ಪರದೆಯ ಹತ್ತಿರ ಕಳಿಸುವುದರಲ್ಲಿ ಒಂದು ಸುಖವಿದೆ. ಕಲಿಸುವ ಕೆಲಸವನ್ನು ಅವನು ತೆಗೆದುಕೊಂಡಿದ್ದಾನೆ. ಅದರ ಜೊತೆಗೆ ಬರುವುದನ್ನೂ ತೆಗೆದುಕೊಳ್ಳಲಿ.

ಏಪ್ರಿಲ್ 23

ಆ ದಿನವನ್ನು ಇಷ್ಟು ಸಲ ಮನಸ್ಸಿನಲ್ಲಿ ನಡೆಸಿದ್ದೇನೆ ಎಂದರೆ ಈಗ ಅದರ ಬೆಳಕು ಕೂಡ ಗೊತ್ತು. ಬೆಳಗಿನ ಹತ್ತೂವರೆ. ಇಲೈತಿಯ ಹಳದಿ ಹೂವಿನ ಅಂಗಿ ಹಾಕಿರುತ್ತಾನೆ, ಅತಿಥಿಗಳು ಬಂದರೆ ಅದೇ. ಹನ್ನೊಂದನೆಯ ಪಾಠ ನಡೆಯುತ್ತಿರುತ್ತದೆ. ಮುಂದಿನ ಸಾಲಿನ ಪರೀಕ್ಷಕರೊಬ್ಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕುತ್ತಾರೆ. ಒಂದು ನಿಮಿಷ, ಡಾಕ್ಟರ್, ಅದನ್ನು ಸ್ವಲ್ಪ ಹಿಂದಕ್ಕೆ ಓಡಿಸುತ್ತೀರಾ, ಎನ್ನುತ್ತಾರೆ. ಅವನು ಹಿಂದಕ್ಕೆ ಓಡಿಸುತ್ತಾನೆ. ಮತ್ತೊಮ್ಮೆ. ಸಭಾಂಗಣದಲ್ಲಿ ಫ್ಯಾನಿನ ಸದ್ದು. ಅವನು ತಿರುಗಿ ನನ್ನನ್ನು ಹುಡುಕುತ್ತಾನೆ. ನಾನು ಏಳನೆಯ ಸಾಲಿನಲ್ಲಿ ಕುಳಿತಿರುತ್ತೇನೆ.

ನನ್ನ ಮುಖ ಹೇಗಿರಬೇಕೆಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಇಂದು ಜಾಡಿಯ ಗಾಜಿನಲ್ಲಿ ಒಂದೆರಡು ಬಗೆ ನೋಡಿಕೊಂಡೆ. ದ್ರಾವಣ ಮಂಕಾಗಿ ಏನೂ ಸರಿಯಾಗಿ ಕಾಣಲಿಲ್ಲ. ಫಾರ್ಮಲಿನ್ ಬದಲಿಸಿ ಬಹಳ ದಿನಗಳಾಗಿರಬೇಕು. ಈ ವರ್ಷ ಬದಲಿಸಿಯೇ ಇಲ್ಲ ಅನಿಸುತ್ತದೆ.

ಮೇ 12

ನಿನ್ನೆ ಮಧ್ಯಾಹ್ನ ಇಲೈತಿಯ ನಮ್ಮ ಮನೆಗೆ ಬಂದ. ಒಬ್ಬನೇ ಅಲ್ಲ, ಅವನ ಸೋದರಮಾವನ ಜೊತೆ. ಮಾವ ಮಡಿಲಲ್ಲಿ ಒಂದು ತಂಬುವಾ ಹಿಡಿದಿದ್ದರು. ಹಳೆಯದು, ಎಣ್ಣೆ ಕುಡಿದು ಕಂದಿದ ದೊಡ್ಡ ತಿಮಿಂಗಿಲದ ಹಲ್ಲು. ಬಾಗಿಲಲ್ಲಿ ಅದನ್ನು ನೋಡಿದ ತಕ್ಷಣ ನನ್ನ ಅಣ್ಣ ಸೇಮಿ ರೇಡಿಯೊ ಆರಿಸಿ, ಅಂಗಿ ಹಾಕಿಕೊಂಡು ಬಂದು ಚಾಪೆಯ ಮೇಲೆ ಕುಳಿತ. ಮನೆಯ ಪರವಾಗಿ ಕೇಳಬೇಕಾದವನು ಅವನು.

ಮಾವ ತಲೆ ತಗ್ಗಿಸಿ ಮಾತಾಡಿದರು. “ನಮ್ಮ ಹುಡುಗ ಈ ಮನೆಯಿಂದ ಒಂದು ಕೈ ಎತ್ಕೊಂಡು ಹೋದ. ಕೇಳ್ಲಿಲ್ಲ. ಆ ಕೈಗೆ ತನ್ನ ಬಾಯಿ ಅಂಟಿಸ್ಕೊಂಡು ಊರೂರು ತೋರಿಸ್ದ. ಅದಕ್ಕೆ ನಮಗೆ ನಾಚಿಕೆಯಾಗಿದೆ. ಈ ಹಲ್ಲು ಸಣ್ಣದು, ನಿಮ್ಮ ಮನಸ್ಸು ದೊಡ್ಡದು ಅಂತ ಬಂದಿದೀವಿ.”

ಮಾವನ ಹಿಂದೆ ಇಲೈತಿಯ ನೆಲ ನೋಡುತ್ತ ಕುಳಿತಿದ್ದ. ಪುಣ್ಯಾತ್ಮನ ಕೂದಲು ನಡುನೆತ್ತಿಯಲ್ಲಿ ತೆಳ್ಳಗಾಗಿದೆ.

ಅಣ್ಣ ನನ್ನ ಕಡೆ ನೋಡಿದ. ತಂಬುವಾ ಮುಂದಿಟ್ಟ ಮೇಲೆ ಬೇಡ ಎಂದವರನ್ನು ನಾನು ಜೀವಮಾನದಲ್ಲಿ ಒಬ್ಬರನ್ನೂ ಕಂಡಿಲ್ಲ. ಒಪ್ಪಿಕೊಂಡರೆ ಆ ಸಿಟ್ಟನ್ನು ಅಲ್ಲಿಗೇ ಹೂಳಬೇಕು, ಅದರ ಹೆಸರನ್ನೂ ಮತ್ತೆ ಎತ್ತುವಂತಿಲ್ಲ. ಕತ್ತು ಆಡಿಸಿದೆ. ಅಣ್ಣ ಹಲ್ಲನ್ನು ಎರಡು ಕೈಯಲ್ಲಿ ತೆಗೆದುಕೊಂಡ, ಬೊಗಸೆ ಕೂಡಿಸಿ ಚಪ್ಪಾಳೆ ತಟ್ಟಿದೆವು.

ಯಂಗೋನದ ಬೇರಿನ ಪುಡಿ ನೀರಿಗೆ ಕಲಸಿ, ಕುಡಿಯುವ ಚಿಪ್ಪು ಎರಡು ಸುತ್ತು ತಿರುಗಿದ ಮೇಲೆ ಎಲ್ಲರ ನಾಲಗೆ ಸಡಿಲವಾಯಿತು.

“ಇಷ್ಟು ದಿನ ಯಾಕೆ ಬರ್ಲಿಲ್ಲವೋ?” ಎಂದು ಅಣ್ಣ ಇಲೈತಿಯನನ್ನು ಕೇಳಿದ.

“ನೌ ಒಂದು ಮಾತಂದಿದ್ರು ಮಾಮ. ಅದು ಎಲ್ಲಿ ಚುಚ್ತು ಅಂತ ಹುಡುಕೋಕೇ ಎರಡು ತಿಂಗಳಾಯ್ತು.”

“ಡಾಕ್ಟರಾಗಿದ್ಕೊಂಡು ಎರಡು ತಿಂಗ್ಳಾ? ಪೇಷಂಟ್ ಉಳಿದ ಹಾಗೇ.”

ಎಲ್ಲರೂ ನಕ್ಕೆವು. ಆಮೇಲೆ ಅವನು ನನ್ನ ಕಡೆ ತಿರುಗಿ, “ಎಲ್ಲ ಪಾಠದ ಶುರುನಲ್ಲೂ ನಿಮ್ಮ ಹೆಸರು ಹಾಕಿಸ್ತಿದೀನಿ ನೌ,” ಎಂದ. “ಚಿತ್ರಗಳು, ಕೆಲೆರ ವಂಗ. ನನ್ನ ಹೆಸರಿಗಿಂತ ಮೊದಲು.”

“ಎಲ್ಲದರಲ್ಲೂ?”

“ಇಪ್ಪತ್ನಾಲ್ಕರಲ್ಲೂ.”

ಬೆಳಗ್ಗೆಯಿಂದ ಇದನ್ನೇ ಯೋಚಿಸುತ್ತಿದ್ದೇನೆ. ಆ ಹಲ್ಲು ಬಂದದ್ದು ಹೆಸರಿನ ವಿಷಯಕ್ಕೆ. ಅದನ್ನು ಒಪ್ಪಿದ್ದೇನೆ, ಹೂತಿದ್ದೇನೆ. ಪಕ್ಕೆಲುಬಿನ ವಿಷಯವಾಗಿ ಅವರು ಏನನ್ನೂ ಕೇಳಲಿಲ್ಲ. ಕೇಳದೆ ಇದ್ದದ್ದನ್ನು ಕ್ಷಮಿಸುವ ಪದ್ಧತಿ ನಮ್ಮಲ್ಲಿ ಇಲ್ಲ.

ಮೇ 20

ಶಲ್ವಿನ್‌ನ ಕೋಣೆಗೆ ಹೋಗಿದ್ದೆ. ಮೂರು ಪರದೆಗಳ ನಡುವೆ ಕುಳಿತು ರೋಟಿ ಸುರುಳಿ ತಿನ್ನುತ್ತಿದ್ದ.

“ಹನ್ನೊಂದನೇದರಲ್ಲಿ ನನ್ನ ಹೆಸರು ಬೇಡಪ್ಪ.”

“ಯಾಕೆ ಆಂಟಿ? ಏನಾಗಿದೆ ಅದಕ್ಕೆ?”

“ಕೈ ಚೆನ್ನಾಗಿ ಬಂದಿಲ್ಲ.”

“ಅಯ್ಯೋ, ಹೀರೋಯಿನ್ ಥರ ಆಡ್ತೀರಲ್ಲ. ನಮ್ಮ ಅಜ್ಜಿ ಇನ್ನೂ ಪಾಸ್‌ಪೋರ್ಟ್ ಫೋಟೊಗೆ ಬೈತಿರ್ತಾಳೆ, ಹಂಗಾಯ್ತು.” ಬಾಯಿ ಒರೆಸಿಕೊಂಡ. “ಆಗ್ಲೇ ಹೋಗ್ಬಿಟ್ಟಿದೆ ಆಂಟಿ. ನಲವತ್ತು ಟ್ಯಾಬ್ಲೆಟ್ಟಿಗೆ ತುಂಬಿ ಸೋಮವಾರದ ಹಡಗಿಗೆ ಹತ್ಸಿದ್ದೂ ಆಯ್ತು. ದ್ವೀಪದ ಆರೋಗ್ಯ ಕೇಂದ್ರಗಳಿಗೆಲ್ಲ. ಈಗ ನಿಮ್ಮಷ್ಟು ಫೇಮಸ್ಸು ಯಾರೂ ಇಲ್ಲ.”

“ಹಾಗಾದ್ರೆ ಬಿಡು.”

“ಅಲ್ಲ, ತಪ್ಪು ಗಿಪ್ಪು ಇದ್ರೆ ಹೇಳಿ. ಒಂದು ಮೆಸೇಜ್ ಹಾಕಿ, ಆ ಪಾಠ ತೆಗ್ದುಬಿಡಿ ಅಂತೀನಿ. ಐದು ನಿಮಿಷದ ಕೆಲ್ಸ.”

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಈಗ ಹೇಳಿದರೆ, ಯಾವಾಗ ನೋಡಿದಿರಿ ಎಂದು ಕೇಳುತ್ತಾರೆ. ತಂಬುವಾ ತೆಗೆದುಕೊಳ್ಳುವಾಗ ಗೊತ್ತಿತ್ತೇ ಎಂದು ಕೇಳುತ್ತಾರೆ. ಆಗಸ್ಟಿನಲ್ಲಿ ಪರೀಕ್ಷಕರು ಹೇಳಿದರೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಚಿತ್ರ ಬರೆದದ್ದು ನಾನು, ತಿರುಗಿಸಿದ್ದು ಅವರು ಎಂಬುದನ್ನು ಅಂದು ಎದ್ದು ನಿಂತು ಒಂದೇ ವಾಕ್ಯದಲ್ಲಿ ಹೇಳಬಹುದು. ಆ ವಾಕ್ಯವೂ ಸಿದ್ಧವಿದೆ.

“ತಪ್ಪೇನಿಲ್ಲ,” ಎಂದೆ.

ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಅಲ್ಲಿ ನಿಂತಿದ್ದೆ ಅನಿಸುತ್ತದೆ.

ಜೂನ್ 30

ಮಕೆರೆತ ಹೇಳಿಹೋಗಲು ಬಂದಿದ್ದಳು. ತರಬೇತಿಗೆಂದು ಪೂರ್ವದ ಹೊರದ್ವೀಪವೊಂದಕ್ಕೆ ಎಂಟು ವಾರ. ಗರಿಗರಿಯಾದ ಹೊಸ ಸುಲು ಲಂಗ ಉಟ್ಟಿದ್ದಳು, ಕಾಗದದಲ್ಲಿ ಸುತ್ತಿದ ಯಂಗೋನದ ಬೇರು ತಂದು ನನ್ನ ಮುಂದಿಟ್ಟಳು.

“ನಿಮ್ಮ ಹೆಸರು ಪರದೆ ಮೇಲೆ ಬಂದಾಗ ಕ್ಲಾಸಲ್ಲಿ ಎಲ್ಲ ಕೂಗಿದ್ವಿ ನೌ. ಡಾಕ್ಟರ್ ತಮನಿ ಸುಮ್ನಿರಿ ಅಂದ್ರೂ ನಿಲ್ಲಿಸ್ಲಿಲ್ಲ.”

“ಕೂಗಿ ಏನಾಗ್ಬೇಕು.”

“ಅಲ್ಲಿನ ಡಾಕ್ಟರು ವಾರದಲ್ಲಿ ಎರಡು ದಿನ ಲಸಿಕೆ ದೋಣೀಲಿ ಹೋಗ್ಬಿಡ್ತಾರಂತೆ. ಆಗ ನಾನು, ಒಬ್ಬ ನರ್ಸು, ನಿಮ್ಮ ಕೈ. ಮೂರೇ ಜನ.” ನಕ್ಕಳು. “ನೀವಿದೀರಿ ಅಂತ್ಲೇ ಅಮ್ಮ ಕಳಿಸ್ತಿರೋದು.”

ಏನೋ ಹೇಳಬೇಕೆನಿಸಿತು. “ಏನೇ ಅನುಮಾನ ಬಂದ್ರೂ ಬೆರಳಿಟ್ಟು ನೋಡು, ಕಣ್ಣನ್ನ ನಂಬ್ಬೇಡ,” ಎಂದೆ. ಇದನ್ನು ನಾನು ಪ್ರತಿ ವರ್ಷ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಆದರೂ ಹೇಳಿದೆ. ಹೇಳಲಿಲ್ಲ ಎನ್ನುವಂತಿಲ್ಲ.

ಇನ್ನು ನಲವತ್ತಮೂರು ದಿನ. ದಿನ ಎಣಿಸುವುದು ಅಭ್ಯಾಸವಾಗಿಬಿಟ್ಟಿದೆ.

ಜುಲೈ 17

ಶಲ್ವಿನ್ ಮೆಟ್ಟಿಲ ಬಳಿ ಸಿಕ್ಕಿ ಹೇಳಿದ. ಮಕೆರೆತ ಇರುವ ದ್ವೀಪದಲ್ಲಿ ಒಬ್ಬರು ತೀರಿಕೊಂಡರಂತೆ. ಎದೆಯಲ್ಲಿ ನೀರು ತುಂಬಿ ಉಸಿರಾಡಲು ಆಗುತ್ತಿರಲಿಲ್ಲ. ಡಾಕ್ಟರು ದೋಣಿಯಲ್ಲಿದ್ದರು. ಸೂಜಿ ಹಾಕಿದಳಂತೆ. ಮೊದಲು ನೀರು ಬಂತು, ಆಮೇಲೆ ರಕ್ತ ಬಂತು. ವಿಮಾನ ಇಳಿಯುವಷ್ಟರಲ್ಲಿ ಮುಗಿದಿತ್ತು. ಇಸಿಮೆಲಿ ಎಂದು ಹೆಸರು. ಐವತ್ತೊಂದು ವರ್ಷ. ಬಲೆ ಹೆಣೆಯುತ್ತಿದ್ದರು.

ಜುಲೈ 18

ಸೂಜಿ ಯಾವ ಅಂಚಿನಲ್ಲಿ ಹೋಯಿತೆಂದು ಯಾರೂ ಹೇಳಿಲ್ಲ. ರಕ್ತ ಬರಲು ನೂರು ಕಾರಣಗಳಿರುತ್ತವೆ.

ಜುಲೈ 19

ಮುಂದಿನ ನಲವತ್ತು ಜಾಡಿಗಳನ್ನು ಎತ್ತಿಟ್ಟು ಪಕ್ಕೆಲುಬಿನ ಜಾಡಿಯನ್ನು ಹೊರತೆಗೆದೆ. ದ್ರಾವಣ ಬದಲಿಸಿದೆ. ನಾಳಗಳು ಕೆಳ ಅಂಚಿನಲ್ಲೇ ಇವೆ.

ಜುಲೈ 24

ಮಕೆರೆತಳನ್ನು ವಾಪಸು ಕರೆಸಿದ್ದಾರೆ. ನೇರ ಉಗ್ರಾಣಕ್ಕೇ ಬಂದಳು. ಕಣ್ಣು ಊದಿರಲಿಲ್ಲ. ಅತ್ತು ಮುಗಿದ ಮೇಲಿನ ಮುಖ. ಕುಳಿತುಕೋ ಎಂದರೆ ನನಗಿಂತ ಕೆಳಗೆ, ನೆಲದ ಮೇಲೆ ಕುಳಿತಳು.

“ನೌ, ನಾನು ತಪ್ಪು ಮಾಡಿಲ್ಲ ಅಂತ ಹೇಳಕ್ಕೆ ಬಂದಿಲ್ಲ.”

“ಸರಿ.”

“ಎಲ್ಲಿ ಹಾಕ್ದೆ ಅಂತ ಕೇಳಿದ್ರು, ತೋರಿಸ್ದೆ. ಯಾರು ಹೇಳ್ಕೊಟ್ರು ಅಂತ ಕೇಳಿದ್ರು. ಆಗ ಸುಮ್ನಿದ್ದೆ.”

“ಯಾಕೆ ಸುಮ್ನಿದ್ದೆ?”

“ಪುಸ್ತಕದಲ್ಲಿ ಬೇರೆ ಇತ್ತು. ಅದು ನಮಗೆಲ್ಲ ಗೊತ್ತಿತ್ತು. ಮಾರ್ಚಲ್ಲೇ ಕ್ಲಾಸಲ್ಲಿ ಮಾತಾಡ್ಕೊಂಡ್ವಿ. ವಿಡಿಯೊ ಬಂದ ಮೊದಲ್ನೇ ದಿನಾನೇ ಅದು ನಿಮ್ಮ ಕೈ ಅಂತ ಗೊತ್ತಾಗಿತ್ತು ನೌ. ಆ ಉಗುರು ಯಾರಿಗೆ ಗೊತ್ತಿಲ್ಲ. ಹೆಸರು ಹಾಕೋ ಅಗತ್ಯಾನೇ ಇರ್ಲಿಲ್ಲ.”

“ಗೊತ್ತಿದ್ದೂ ಯಾರೂ ಹೇಳ್ಲಿಲ್ವಾ?”

“ಯಾರಿಗೆ ಹೇಳೋದು? ಡಾಕ್ಟರ್ ತಮನಿಗೆ ಹೇಳಿದ್ರೆ ನಿಮ್ಮ ಮೇಲೆ ಚಾಡಿ ಹೇಳಿದ ಹಾಗೆ. ನಿಮಗೇ ಹೇಳಿದ್ರೆ...” ನೆಲದ ಮೇಲೆ ಬೆರಳಿನಿಂದ ಏನೋ ಎಳೆದಳು. “ನೌ ತಪ್ಪು ಬರ್ದಿದಾರೆ ಅಂತ ನೌ ಮುಖಕ್ಕೆ ಹೇಳೋರು ಯಾರು. ಕೊನೆಗೆ ನಾನು ಜಾಡಿ ನೋಡೋ ನೆಪ ಮಾಡ್ಕೊಂಡು ಬಂದೆ. ಜಾಡಿ ನೋಡಿದ್ರೆ ನಿಮಗೇ ಗೊತ್ತಾಗ್ಲಿ, ನಾನು ಹೇಳ್ದ ಹಾಗಾಗ್ಬಾರ್ದು ಅಂತ. ನೀವು ವಿಡಿಯೊ ನೋಡು ಅಂದ್ರಿ. ಎರಡು ಸಲ ಅಂದ್ರಿ. ಆಮೇಲೆ ನಿಮ್ಮ ಹೆಸರೂ ಬಂತು. ನೌ ಇಷ್ಟು ಗಟ್ಟಿಯಾಗಿ ಹೇಳ್ತಿದಾರೆ ಅಂದ್ರೆ ಪುಸ್ತಕಾನೇ ಹಳೇದಿರ್ಬೇಕು ಅಂದ್ಕೊಂಡೆ.”

ನಾನು ಜಾಡಿಯ ಮುಚ್ಚಳ ಬಿಗಿ ಮಾಡಿದೆ.

“ಅವತ್ತು ಬೆರಳಿಟ್ಟೂ ನೋಡ್ದೆ ನೌ. ಬೆರಳಿಗೆ ಎಲುಬು ಸಿಗತ್ತೆ, ಅದರ ಒಳಗಡೆ ಏನಿದೆ ಅಂತ ಹೇಗೆ ಸಿಗತ್ತೆ. ಅವರು ನನ್ನ ನೋಡಿ, ಹೆದರ್ಕೋಬೇಡ ಮಗಳೇ, ಹಾಕು ಅಂದ್ರು. ನಿಮ್ಮ ಕೈ ನೆನಸ್ಕೊಂಡು ಹಾಕ್ದೆ.”

ಹೋಗುವಾಗ ಮತ್ತೆ ಬಗ್ಗಿಯೇ ಹೋದಳು. ಬಗ್ಗಬೇಡ ಎನ್ನಬೇಕಿತ್ತು.

ಅವನ ಹೆಸರಿನ ಕೆಳಗೆ ಅಡಗಿದೆ ಎಂದು ನಾನು ಕಾದಿಟ್ಟುಕೊಂಡಿದ್ದ ತಪ್ಪು ಮೊದಲ ದಿನದಿಂದಲೂ ನನ್ನದೇ ಆಗಿ ಓಡಾಡುತ್ತಿತ್ತು. ಐವತ್ತು ಹುಡುಗರು ನನ್ನ ಮರ್ಯಾದೆ ಕಾಯಲೆಂದು ಬಾಯಿ ಮುಚ್ಚಿಕೊಂಡಿದ್ದರು. ನಾನು ಇಲೈತಿಯನ ಮರ್ಯಾದೆ ಕಳೆಯಲೆಂದು ಮುಚ್ಚಿಕೊಂಡಿದ್ದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಜುಲೈ 29

ವಿಚಾರಣೆಯ ಸಭೆ. ಏಳು ಜನ. ಹನ್ನೊಂದನೆಯ ಪಾಠವನ್ನು ಹಾಕಿದರು, ನಿಲ್ಲಿಸಿದರು, ಹಿಂದಕ್ಕೆ ಓಡಿಸಿದರು. ಫ್ಯಾನ್ ಇತ್ತು. ಇಲೈತಿಯ ಹಳದಿ ಅಂಗಿ ಹಾಕಿರಲಿಲ್ಲ, ಬಿಳಿಯದು ಹಾಕಿದ್ದ. ನನ್ನನ್ನು ಹುಡುಕಲೂ ಇಲ್ಲ. ಎದ್ದು ನಿಂತು, ಯಾರೂ ಕೇಳುವ ಮೊದಲೇ ಹೇಳಿದ.

“ಅವರ ಚಿತ್ರ ಸರಿಯಾಗೇ ಇತ್ತು. ಮೂಲ ಇದೆ, ಬೇಕಾದ್ರೆ ನೋಡ್ಬಹುದು. ತಿರುಗ್ಸಿದ್ದು ನಮ್ಮ ಕಚೇರಿ. ಶಲ್ವಿನ್‌ಗೆ ಎಲುಬು ಗೊತ್ತಿರಲ್ಲ, ಗೊತ್ತಿರ್ಬೇಕಾಗಿದ್ದು ನನಗೆ. ಚಿತ್ರ ನೋಡ್ದೆ ದನಿ ಕೊಟ್ಟೆ, ನೌ ಅವರಿಗೆ ತೋರಿಸ್ದೆ ಹೊರಗೆ ಬಿಟ್ಟೆ. ಆ ಹುಡುಗೀದೂ ತಪ್ಪಿಲ್ಲ.”

ನಾನು ಸಿದ್ಧ ಮಾಡಿಟ್ಟುಕೊಂಡಿದ್ದ ವಾಕ್ಯ ಅದೇ. ಅವನು ಅದನ್ನೂ ತೆಗೆದುಕೊಂಡ.

ಅವನು ಹುದ್ದೆ ಬಿಡಬೇಕಾಗುತ್ತದೆ. ಪರೀಕ್ಷಕರ ಭೇಟಿಯನ್ನು ಮುಂದೂಡಿದ್ದಾರೆ. ಪಾಠಗಳನ್ನೆಲ್ಲ ಹಿಂತೆಗೆದುಕೊಂಡಿದ್ದಾರೆ. ಹೊಸದು ಬರುವವರೆಗೆ ಹಳೆಯ ಕ್ರಮವೇ ಇರಲಿ, ಕೆಲೆರ ನಡೆಸಲಿ, ಕೋಣೆಯನ್ನು ಅವರಿಗೆ ಬಿಟ್ಟುಕೊಡಿ ಎಂದು ನಿರ್ಣಯವಾಯಿತು. ಮಧ್ಯಾಹ್ನಕ್ಕೆಲ್ಲ ಇಬ್ಬರು ಬಂದು ಕರಿಹಲಗೆಯನ್ನು ಮತ್ತೆ ಗೋಡೆಗೆ ಜಡಿದರು. ಮಾರ್ಚಿನಲ್ಲಿ ನಾನು ಬೇಕೆಂದಿದ್ದದ್ದು ಒಂದೂ ಬಿಡದೆ ಸಿಕ್ಕಿದೆ.

ಹೊರಗೆ ಪಡಸಾಲೆಯಲ್ಲಿ ಇಲೈತಿಯ ನನಗಾಗಿ ಕಾಯುತ್ತಿದ್ದ.

“ನೀವು ಆ ಪಾಠ ನೋಡಿರ್ಲಿಲ್ಲ ಅಲ್ವಾ ನೌ. ನೋಡಿದ್ರೆ ಅವತ್ತೇ ನನ್ನ ಕಿವಿ ಹಿಂಡ್ತಿದ್ರಿ.”

ಅದು ಪ್ರಶ್ನೆಯಾಗಿರಲಿಲ್ಲ. ಅವನಿಗೆ ಉತ್ತರ ಬೇಕಿರಲಿಲ್ಲ. “ಶನಿವಾರ ದೋಣಿ,” ಎಂದ. “ಇಸಿಮೆಲಿ ಅವರ ಊರಿಗೆ ಹೋಗಿ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿ ಬರ್ಬೇಕು. ನಾನು, ಮಕೆರೆತ, ನಮ್ಮ ಮಾವ. ನೀವೂ ಬಂದ್ರೆ ಅವಳಿಗೆ ಧೈರ್ಯ. ನಿಮ್ಮ ಪರವಾಗಿ ಏನೂ ಹೇಳ್ಬೇಕಾಗಿಲ್ಲ, ಸುಮ್ನೆ ಹಿಂದೆ ಕೂತಿದ್ರೆ ಸಾಕು.”

ಅವನು ನನ್ನನ್ನು ಇಷ್ಟು ನಂಬುವುದರಲ್ಲಿ ಒಂದು ಸೊಕ್ಕಿದೆ ಎಂದು ಅನಿಸಿತು. ಆಮೇಲೆ, ಹಾಗೆ ಅನಿಸಿದ್ದನ್ನು ಇಲ್ಲಿ ಬರೆಯಬೇಕೆಂದೂ ಅನಿಸಿತು.

ಆಗಸ್ಟ್ 1

ಇಂದು ಪಾಠಗಳಿಗೆ ಸಂಬಂಧಪಟ್ಟವರಿಗೆಲ್ಲ ವಿಚಾರಣೆಯವರು ಒಂದು ಹಾಳೆ ಕೊಟ್ಟಿದ್ದಾರೆ, ನನಗೂ. ತುಂಬಿ ನಾಳೆ ಹತ್ತು ಗಂಟೆಯೊಳಗೆ ಕೊಡಬೇಕು. ಹೆಸರು, ಹುದ್ದೆ, ಎಷ್ಟು ವರ್ಷದ ಸೇವೆ. ಇವನ್ನು ತುಂಬಿದೆ. ಆರನೆಯದು: ಪ್ರಸ್ತುತ ದೋಷವು ತಮ್ಮ ಗಮನಕ್ಕೆ ಮೊದಲು ಬಂದ ದಿನಾಂಕ. ಅದರ ಮುಂದೆ ಹೆಬ್ಬೆರಳಿನ ಉಗುರಿನಷ್ಟು ಒಂದು ಚೌಕ.

ಜುಲೈ ಇಪ್ಪತ್ತನಾಲ್ಕು ಎಂದು ಬರೆದರೆ ಯಾರೂ ಅನುಮಾನಿಸುವುದಿಲ್ಲ. ಅಂದು ಮಕೆರೆತ ಬಂದು ಹೇಳಿದಳು, ಅದು ನಿಜವೇ. ಇಲೈತಿಯ ಹುದ್ದೆ ಬಿಡುತ್ತಾನೆ, ಹುಡುಗಿ ಒಂದು ವರ್ಷ ಕಳೆದುಕೊಂಡು ಮತ್ತೆ ಓದುತ್ತಾಳೆ, ನಾನು ಸೋಮವಾರ ಹಲಗೆಯ ಮುಂದೆ ನಿಂತು ಪಕ್ಕೆಲುಬು ಬರೆಯುತ್ತೇನೆ. ಇನ್ನೊಂದು ದಿನಾಂಕ, ಮಾರ್ಚ್ ಹತ್ತೊಂಬತ್ತು, ಈ ಪುಸ್ತಕದಲ್ಲಿ ಮಾತ್ರ ಇದೆ. ಪುಸ್ತಕ ನನ್ನದು. ಒಲೆಯೂ ನನ್ನದು.

ಇಡೀ ಮಧ್ಯಾಹ್ನ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದೆ. ಸಂಜೆ ಅಣ್ಣ ಬಂದು, ನಾಡಿದ್ದು ದೋಣಿಗೆ ಹೋಗ್ತೀಯಂತಲ್ಲ, ಸಮುದ್ರ ಜೋರಿದೆ, ಹುಷಾರು ಎಂದ. ಹೂಂ ಎಂದೆ. ಚಾಪೆಯ ಮೇಲೆ, ಎಲ್ಲರ ಹಿಂದೆ ಕೂರುವುದು. ಮಾವ ಮಾತಾಡುತ್ತಾರೆ. ಇಸಿಮೆಲಿಯವರ ಹೆಂಡತಿಯೋ ಅಣ್ಣತಮ್ಮಂದಿರೋ ಕೇಳಿಸಿಕೊಳ್ಳುತ್ತಾರೆ. ಕೇಳಿದ್ದನ್ನು ಕ್ಷಮಿಸುತ್ತಾರೆ, ನಮ್ಮ ಜನ ಹಾಗೆಯೇ. ಕೇಳದೆ ಉಳಿದದ್ದು ನನ್ನ ಜೊತೆ ಅದೇ ದೋಣಿಯಲ್ಲಿ ವಾಪಸು ಬರುತ್ತದೆ.

ಇಸಿಮೆಲಿ, ನೀವು ಅವಳಿಗೆ ಹೆದರ್ಕೋಬೇಡ, ಹಾಕು ಎಂದಿರಿ. ಈ ಚೌಕದಲ್ಲಿ ಯಾವ ದಿನಾಂಕ ಹಾಕು ಎಂದು ನನಗೆ ಹೇಳುತ್ತೀರಿ?